ಬೋರ್ಡೇನ್ ಉಂಡ ದಾರಿಯಲ್ಲಿ

ನ್ಯೂಜೆರ್ಸಿಯಲ್ಲಿ ಮನೆ ಮಾಡಿ, ಮಕ್ಕಳನ್ನು ಬೆಳೆಸಿ, ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವ ಅಂತ ಓಡಾಡಿಕೊಂಡಿರುವ ನಮ್ಮಂಥವರಿಗೆ ಹೊರಗಿನ ಊಟ ಎಂದರೆ ಎಡಿಸನ್ನಿನ ಓಕ್ ಟ್ರೀ ರಸ್ತೆ. ದೋಸೆ, ಚಾಟ್, ಕರಿಬೇವು, ತೊಗರಿಬೇಳೆ ಎಲ್ಲ ಅಲ್ಲೇ ಸಿಗುವಾಗ ಬೇರೆ ಕಡೆ ಕಾರು ತಿರುಗಿಸುವ ಅಗತ್ಯ ಬೀಳುವುದಿಲ್ಲ. ಆದರೆ ಇಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ಇದೇ ಹುಟ್ಟೂರು. ಈ ಊರಿನವರು ಏನು ತಿಂದು ಬೆಳೆದರು ಎನ್ನುವುದು ತಂದೆ ತಾಯಿಯರಾದ ನಮಗೂ ಗೊತ್ತಿರಬೇಕು ಎಂದು ನನಗೆ ಬಲವಾಗಿ ಅನ್ನಿಸಿದ್ದು ಆಂಥೊನಿ ಬೋರ್ಡೇನ್ ಅವರ ಟೀವಿ ಕಾರ್ಯಕ್ರಮ ನೋಡಿದ ಮೇಲೆ.

ಬೋರ್ಡೇನ್ ಬೆಳೆದದ್ದು ನಮ್ಮದೇ ರಾಜ್ಯದ ಲಿಯೋನಿಯಾದಲ್ಲಿ. ನ್ಯೂಯಾರ್ಕಿನ ಹೋಟೆಲುಗಳ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದು, 2000ದಲ್ಲಿ 'ಕಿಚನ್ ಕಾನ್ಫಿಡೆನ್ಷಿಯಲ್' ಪುಸ್ತಕ ಬರೆದು, ಆಮೇಲೆ ಕ್ಯಾಮೆರಾ ಕಟ್ಟಿಕೊಂಡು ಜಗತ್ತು ಸುತ್ತಿದವರು. ಸಿಎನ್‌ಎನ್‌ನ 'ಪಾರ್ಟ್ಸ್ ಅನ್‌ನೋನ್' ಸರಣಿಯಲ್ಲಿ 2015ರ ಒಂದು ಕಂತನ್ನು ತಾವು ಬೆಳೆದ ಈ ನೆಲಕ್ಕೇ ಮೀಸಲಿಟ್ಟರು. 2018ರ ಜೂನ್‌ನಲ್ಲಿ ಅವರು ತೀರಿಕೊಂಡ ಮೇಲೆ, ಆ ಕಂತಿನಲ್ಲಿ ಕಾಣಿಸಿದ 10 ಜಾಗಗಳನ್ನು ಒಟ್ಟುಗೂಡಿಸಿ ನ್ಯೂಜೆರ್ಸಿ 'ಆಂಥೊನಿ ಬೋರ್ಡೇನ್ ಫುಡ್ ಟ್ರೇಲ್' ಎಂದು ಹೆಸರಿಟ್ಟಿತು. ದೊಡ್ಡ ಮನುಷ್ಯರಿಗೆ ಪ್ರತಿಮೆ ನಿಲ್ಲಿಸುವುದು ಎಲ್ಲ ಕಡೆಯ ರೂಢಿ. ಒಬ್ಬರ ನೆನಪಿಗೆ ಅವರು ಉಂಡ ಜಾಗಗಳನ್ನೇ ಗುರುತಿಸಿ ಇಡುವುದು ನನಗಂತೂ ಬಹಳ ಹಿಡಿಸಿತು.

ಹತ್ತನ್ನೂ ಒಂದೇ ದಿನದಲ್ಲಿ ಮುಗಿಸಲು ಹೊಟ್ಟೆಯೂ ಸಾಲದು, ಹೊತ್ತೂ ಸಾಲದು. ಕಾಲೇಜಿಗೆ ಹೋಗುವ ಮಗಳು ನಾಲ್ಕನ್ನು ಆರಿಸಿ ದಾರಿ ಹಾಕಿದಳು. ಬೆಳಿಗ್ಗೆ ಆಸ್ಬರಿ ಪಾರ್ಕ್, ಮಧ್ಯಾಹ್ನ ಅಟ್ಲಾಂಟಿಕ್ ಸಿಟಿ, ಅಲ್ಲಿಂದ ಪಶ್ಚಿಮಕ್ಕೆ ಕ್ಯಾಮ್ಡೆನ್, ಸಂಜೆ ಟರ್ನ್‌ಪೈಕ್ ಹಿಡಿದು ಉತ್ತರಕ್ಕೆ ಫೋರ್ಟ್ ಲೀ. "ಅಮ್ಮಾ, ನೀನು ತಿನ್ನದಿದ್ದರೂ ಪರವಾಗಿಲ್ಲ, ಬಂದು ನೋಡು" ಎಂದಳು. ನಾನು ಸಸ್ಯಾಹಾರಿ, ಅವಳು ಎಲ್ಲ ತಿನ್ನುತ್ತಾಳೆ. ನಮ್ಮ ಎಷ್ಟೋ ಮನೆಗಳಲ್ಲಿ ಈಗ ಹೀಗೇ.

ಆಸ್ಬರಿ ಪಾರ್ಕಿನ ಫ್ರಾಂಕ್ಸ್ ಡೆಲಿಯಲ್ಲಿ ಬೋರ್ಡೇನ್ ತಿಂದದ್ದು ಈ ಕಡೆಯ ಮಾಮೂಲಿ ಸ್ಯಾಂಡ್‌ವಿಚ್: ಹ್ಯಾಮ್, ಸಲಾಮಿ, ಪ್ರೊವೊಲೋನ್ ಚೀಸ್, ಟೊಮೆಟೊ, ಈರುಳ್ಳಿ, ಸುಟ್ಟ ಮೆಣಸಿನಕಾಯಿ, ಮೇಲೆ ಎಣ್ಣೆ ಮತ್ತು ವಿನೆಗರ್. ಮಾಂಸ ಬಿಟ್ಟು ಉಳಿದದ್ದನ್ನೆಲ್ಲ ನನಗೆ ಹಾಕಿಕೊಟ್ಟರು. ಎಣ್ಣೆ, ವಿನೆಗರ್ ಬ್ರೆಡ್ಡಿಗೆ ಇಳಿದು ಟೊಮೆಟೊ ರಸದ ಜೊತೆ ಸೇರಿದಾಗ ಬರುವ ಹುಳಿ ನಮ್ಮ ನಾಲಿಗೆಗೆ ಚೆನ್ನಾಗಿಯೇ ಒಗ್ಗುತ್ತದೆ.

ಅಟ್ಲಾಂಟಿಕ್ ಸಿಟಿಯ ಟೋನೀಸ್ ಬಾಲ್ಟಿಮೋರ್ ಗ್ರಿಲ್ 1927ರಿಂದ ನಡೆಯುತ್ತಿದೆ. ಇರುವುದು ಅಟ್ಲಾಂಟಿಕ್ ಅವೆನ್ಯೂದಲ್ಲಿ. ಅಮೆರಿಕದ ಮೊನಾಪಲಿ ಹಲಗೆಯ ಮೇಲಿರುವ ಬೀದಿಗಳ ಹೆಸರುಗಳು ಬಹುಪಾಲು ಈ ಊರಿನವು, ಈ ಅವೆನ್ಯೂ ಕೂಡ. ಊರಿನ ಕ್ಯಾಸಿನೋಗಳ ಥಳಕು ಈ ಹೋಟೆಲಿಗೆ ತಲುಪಿಲ್ಲ. ಪಿಜ್ಜಾ ಸರಳವಾಗಿತ್ತು, ರುಚಿಯಾಗಿತ್ತು. ಹೊಟ್ಟೆ ತುಂಬ ತಿಂದೆ.

ಇಡೀ ದಿನದಲ್ಲಿ ನನ್ನ ಮನಸ್ಸು ನಿಂತದ್ದು ಕ್ಯಾಮ್ಡೆನ್ನಿನಲ್ಲಿ. 'ಬಡ ಊರು, ಅಪರಾಧ ಜಾಸ್ತಿ, ಆ ಕಡೆ ಹೋಗಬೇಡಿ' ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಂಡು ಬಂದ ಊರು ಅದು. ಆದರೆ ಕವಿ ವಾಲ್ಟ್ ವಿಟ್‌ಮನ್ ತಮ್ಮ ಕೊನೆಯ ವರ್ಷಗಳನ್ನು ಕಳೆದು 1892ರಲ್ಲಿ ಕಣ್ಣು ಮುಚ್ಚಿದ್ದು ಇಲ್ಲಿ. ಗ್ರಾಮೊಫೋನಿನ ಮುಂದೆ ಕಿವಿಗೊಟ್ಟು ಕೂತ ನಾಯಿಯ ಚಿತ್ರ ನಮಗೆಲ್ಲ ಗೊತ್ತಲ್ಲ, ಅದನ್ನು ಅಮೆರಿಕದಲ್ಲಿ ತನ್ನ ಗುರುತಾಗಿ ಇಟ್ಟುಕೊಂಡ ವಿಕ್ಟರ್ ಕಂಪನಿಯೂ ಇಲ್ಲಿಯದೇ. ಆ ನಾಯಿ ಈಗಲೂ ಹಳೆಯ ಕಾರ್ಖಾನೆಯ ಗೋಪುರದ ಬಣ್ಣದ ಗಾಜಿನಲ್ಲಿದೆ. ಕಾರ್ಖಾನೆಗಳು ಹೋದವು, ಜೊತೆಗೆ ಕೆಲಸಗಳೂ ಹೋದವು. ಹ್ಯಾಡನ್ ಅವೆನ್ಯೂದ ಡಾಂಕೀಸ್ ಪ್ಲೇಸ್ ಮಾತ್ರ ಹೋಗಲಿಲ್ಲ.

1928ರ ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್ ಆಡಿದ್ದ ಲಿಯಾನ್ ಲೂಕಸ್ 1943ರಲ್ಲಿ ತೆರೆದ ಬಾರ್ ಇದು. ಅವರ ಗುದ್ದು ಕತ್ತೆಯ ಒದೆಯಂತಿತ್ತು ಎಂದು ಬಂದ 'ಡಾಂಕಿ' ಎಂಬ ಅಡ್ಡಹೆಸರೇ ಅಂಗಡಿಗೂ ಅಂಟಿಕೊಂಡಿತು. ಚೀಸ್‌ಸ್ಟೇಕ್ ಎಂದರೆ ನದಿಯಾಚೆಯ ಫಿಲಡೆಲ್ಫಿಯಾ ಎಂದು ದೇಶವೆಲ್ಲ ನಂಬಿರುವಾಗ, ಎಲ್ಲಕ್ಕಿಂತ ಒಳ್ಳೆಯದು ನ್ಯೂಜೆರ್ಸಿಯಲ್ಲೇ ಇರಬಹುದು ಎಂದು ಬೋರ್ಡೇನ್ ಹೇಳಿದ್ದು ಇಲ್ಲಿ ಕೂತು. ಅಲ್ಲಿಯ ಉದ್ದ ಬ್ರೆಡ್ಡಿನ ಬದಲು ಇಲ್ಲಿ ದುಂಡನೆಯ ಕೈಸರ್ ರೋಲ್, ಅದರ ನೆತ್ತಿಯ ತುಂಬ ಗಸಗಸೆ. ಕಾವಲಿಯ ಮೇಲೆ ತೆಳುವಾಗಿ ಕೊಯ್ದ ಮಾಂಸ, ಜೊತೆಗೆ ರಾಶಿ ಈರುಳ್ಳಿ. ಈರುಳ್ಳಿ ಬಾಡಿ ಕಂದುಬಣ್ಣಕ್ಕೆ ತಿರುಗಿದ ಮೇಲೆ ಚೀಸ್ ಬೀಳುತ್ತದೆ, ಅದು ಕರಗುತ್ತಿರುವಾಗಲೇ ಎಲ್ಲವನ್ನೂ ಬಾಚಿ ರೋಲಿಗೆ ಸೇರಿಸುತ್ತಾರೆ. ನೆಂಚಿಕೊಳ್ಳಲು ಖಾರದ ಮೆಣಸಿನಕಾಯಿ, ತುರಿದ ಹಾರ್ಸ್‌ರ್ಯಾಡಿಷ್. ಈ ತುರಿಯನ್ನು ಒಂದು ಚೂರು ನಾನೂ ಬಾಯಿಗಿಟ್ಟೆ. ಹಸಿ ಸಾಸಿವೆ ಅರೆದಾಗ ಮೂಗಿಗೆ ಏರುವ ಅದೇ ಘಾಟು. ದನದ ಮಾಂಸ ನಾನು ತಿನ್ನುವುದಿಲ್ಲ. ಮಗಳು ತಿಂದಳು. ಎರಡು ಕೈಯಲ್ಲೂ ಹಿಡಿದು, ಮಾತಿಲ್ಲದೆ, ಗಸಗಸೆಯನ್ನು ಮೇಜಿನ ಮೇಲೆಲ್ಲ ಉದುರಿಸುತ್ತಾ. ಅವಳನ್ನೇ ನೋಡುತ್ತಾ ಕೂತಿದ್ದೆ.

ಬೆಂಗಳೂರಿನ ನಮ್ಮ ಗಾಂಧಿ ಬಜಾರಿನ ದೋಸೆ ಹೋಟೆಲು ವಿದ್ಯಾರ್ಥಿ ಭವನ ಶುರುವಾದದ್ದೂ 1943ರಲ್ಲೇ. ಜನ ಏನನ್ನು ಹುಡುಕಿಕೊಂಡು ಬರುತ್ತಾರೋ ಅದನ್ನು ಕೆಡಿಸದೆ ಕೊಡುತ್ತಾ ಬಂದದ್ದರಿಂದಲೇ ಎರಡೂ ಉಳಿದಿವೆ ಎಂದು ನಾನು ನಂಬುತ್ತೇನೆ. ಟೀವಿಯಲ್ಲಿ ಬಂದ ಮೇಲೆ ಜಾಗ ದೊಡ್ಡದು ಮಾಡಿ, ತಿಂಡಿಪಟ್ಟಿ ಉದ್ದ ಮಾಡಿ, ಕೊನೆಗೆ ಮೊದಲಿನ ರುಚಿಯನ್ನೇ ಕಳೆದುಕೊಂಡ ಹೋಟೆಲುಗಳು ಎಲ್ಲ ದೇಶದಲ್ಲೂ ಇವೆ. ಕ್ಯಾಮ್ಡೆನ್ನಿನ ಡಾಂಕೀಸ್ ಪ್ಲೇಸ್‌ನವರು ಹಾಗೆ ಮಾಡಲಿಲ್ಲ. ಅದಕ್ಕಾಗಿ ಅವರ ಮೇಲೆ ನನಗೆ ಗೌರವವಿದೆ.

ಫೋರ್ಟ್ ಲೀ ತಲುಪುವಾಗ ಸಂಜೆ. ಹೈರಮ್ಸ್ ರೋಡ್‌ಸ್ಟ್ಯಾಂಡ್ 1932ರ ಅಂಗಡಿ. ಬೋರ್ಡೇನ್ ಅವರನ್ನು ಚಿಕ್ಕಂದಿನಲ್ಲಿ ತಂದೆ ಕರೆತರುತ್ತಿದ್ದ ಜಾಗ. ಹಾಟ್‌ಡಾಗ್ ಅನ್ನು ಎಣ್ಣೆಯಲ್ಲಿ ಕರಿದು ಕೊಡುತ್ತಾರೆ, ಕುಡಿಯಲು ಬರ್ಚ್ ಬಿಯರ್, ಹೆಸರು ಹಾಗಿದ್ದರೂ ಅಮಲಿಲ್ಲದ ಸಿಹಿ ಪಾನೀಯ. ಜಗತ್ತಿನ ಎಷ್ಟೋ ದೊಡ್ಡ ಅಡುಗೆಯವರ ಕೈಯಡುಗೆ ಉಂಡ ಬೋರ್ಡೇನ್ ಮತ್ತೆ ಮತ್ತೆ ಇಲ್ಲಿಗೆ ಬರುತ್ತಿದ್ದರು. ಮುಂದೆ ತಾವು ತಂದೆಯಾದ ಮೇಲೆ ಮಗಳನ್ನೂ ಕರೆತಂದರು.

ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮ ಬಂದಾಗ ನಾವು ನಯಾಗರ, ಬ್ರಿಡ್ಜ್‌ವಾಟರಿನ ವೆಂಕಟೇಶ್ವರ ದೇವಸ್ಥಾನ, ಟೈಮ್ಸ್ ಸ್ಕ್ವೇರ್ ಎಂದು ಕರೆದೊಯ್ಯುತ್ತೇವೆ. ಅದರ ಜೊತೆಗೆ ಒಂದು ಶನಿವಾರ ಈ ದಾರಿಗೂ ಇರಲಿ, ಮೊಮ್ಮಕ್ಕಳೇ ಮುಂದೆ ನಿಂತು ಅಜ್ಜಿ ತಾತನಿಗೆ ತಮ್ಮ ಊರನ್ನು ತೋರಿಸಲಿ ಎಂದು ಸಂಘದ ಸಮಿತಿಯನ್ನು ಕೇಳಿಕೊಳ್ಳುತ್ತೇನೆ. ಒಂದೇ ಕಡೆ ಹೋಗುವುದಾದರೆ ಕ್ಯಾಮ್ಡೆನ್ನಿಗೆ ಹೋಗಿ. ಫ್ರಾಂಕ್ಸ್ ಡೆಲಿಗೆ ಹೋಗುವುದಾದರೆ ಬೆಳಿಗ್ಗೆಯೇ ಹೊರಡಿ. ಸಸ್ಯಾಹಾರಿಗಳು ಮಧ್ಯಾಹ್ನದ ಊಟವನ್ನು ಅಟ್ಲಾಂಟಿಕ್ ಸಿಟಿಗೆ ಇಟ್ಟುಕೊಳ್ಳಿ.