ಅಜ್ಜಿಗೆ ಆಯಾಸವಾಗುತ್ತದೆ ಎಂಬ ಮಾತು

ದೀಪಾವಳಿ ಕಳೆದು ಮಳೆ ಪೂರ್ತಿ ಹಿಂದಾದ ಮೇಲೆ ಉತ್ತರ ಕನ್ನಡ, ಉಡುಪಿ, ಮಂಗಳೂರು ಕಡೆಯ ಕೊಂಕಣಿ ಮನೆಗಳಲ್ಲಿ ಗೋವೆಯ ಮಾತು ಏಳುತ್ತದೆ. ಕುಲದೇವರಿಗೆ ಹೋಗಿ ಬಹಳ ವರ್ಷವಾಯಿತು, ಈ ಸಲವಾದರೂ ಎಲ್ಲರೂ ಒಟ್ಟಿಗೆ ಹೋಗೋಣ ಎಂದು ಯಾರಾದರೂ ಒಬ್ಬರು ಶುರುಮಾಡುತ್ತಾರೆ. ಬೆಂಗಳೂರಿನ ಮಗ, ಪುಣೆಯ ಮಗಳು, ದುಬೈಯಿಂದ ಬರುವ ಮೊಮ್ಮಗ, ಎಲ್ಲರ ರಜೆ ಹೊಂದಿಸಿ ಟೆಂಪೋ ಟ್ರಾವೆಲರ್‌ಗೆ ಮುಂಗಡ ಕೊಡುವ ಹೊತ್ತಿಗೆ ಒಂದು ಮಾತು ಬಂದೇ ಬರುತ್ತದೆ: "ಅಜ್ಜಿಗೆ ಆಯಾಸವಾಗುತ್ತದೆ, ಅವರು ಮನೆಯಲ್ಲೇ ಇರಲಿ. ನಾವು ಪ್ರಸಾದ ತಂದುಕೊಡೋಣ." ಪ್ರೀತಿಯಿಂದಲೇ ಆಡುವ ಮಾತು. ಆದರೆ ಅದನ್ನು ಅಷ್ಟು ಸಲೀಸಾಗಿ ಒಪ್ಪಿಕೊಳ್ಳಬಾರದು. ಆ ಮಾತು ಆಡುವ ಮುಂಚೆ ಅಜ್ಜಿಯನ್ನು ಯಾರೂ ಕೇಳಿರುವುದಿಲ್ಲ.

ಇದು ಎಂಥ ದಾರಿ ಎಂದು ಒಮ್ಮೆ ನೆನೆಯಬೇಕು. ಇಂದು ನಾವು ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಕಾರವಾರ ದಾಟಿ ಉತ್ತರಕ್ಕೆ ಹೋಗುತ್ತೇವೆ. ನಮ್ಮ ಹಿರಿಯರು ದಕ್ಷಿಣಕ್ಕೆ ಬಂದವರು, ಅದೂ ಉಟ್ಟ ಬಟ್ಟೆಯಲ್ಲಿ. 1560ರಲ್ಲಿ ಗೋವೆಯಲ್ಲಿ ಪೋರ್ಚುಗೀಸರ ಇನ್‌ಕ್ವಿಸಿಷನ್, ಅಂದರೆ ಮತವಿಚಾರಣೆಯ ನ್ಯಾಯಮಂಡಳಿ, ಬಂತು. ಆ ದಶಕದಲ್ಲಿ ಅಲ್ಲಿನ ಸಾಷ್ಟಿ ಪ್ರಾಂತದ ಗುಡಿಗಳು ಒಂದೊಂದಾಗಿ ನೆಲಸಮವಾದವು. ಕುಶಸ್ಥಳಿಯ ಮಂಗೇಶ, ಕೇಳೋಶಿಯ ಶಾಂತಾದುರ್ಗೆ, ವೆರ್ಣೆಯ ಮಹಾಲಸೆ, ಲೋಟಲಿಯ ರಾಮನಾಥ, ಇವರನ್ನೆಲ್ಲ ಭಕ್ತರು ಹೊತ್ತು ಜುವಾರಿ ನದಿಯ ಆಚೆಗೆ, ಫೋಂಡಾದ ಕಾಡುಗುಡ್ಡಗಳ ನಡುವೆ ಒಯ್ದರು. ಆಗ ಫೋಂಡಾ ಪೋರ್ಚುಗೀಸರದ್ದಾಗಿರಲಿಲ್ಲ, ನಮ್ಮ ವಿಜಾಪುರದ ಆದಿಲಶಾಹಿಗೆ ಸೇರಿತ್ತು. ದೇವರು ನದಿ ದಾಟಿ ನಿಂತರು. ಒಕ್ಕಲುಗಳಲ್ಲಿ ಬಹಳ ಜನ ನಿಲ್ಲದೆ ಕಾರವಾರ, ಅಂಕೋಲಾ, ಕುಮಟಾ, ಭಟ್ಕಳ, ಮಂಗಳೂರು ಎಂದು ಕೆಳಕ್ಕೆ ಇಳಿಯುತ್ತ ಹೋದರು. ಮುಂದೆ ಗೋವೆಯ ಕ್ರೈಸ್ತ ಕುಟುಂಬಗಳೂ ಇದೇ ಕರಾವಳಿ ಹಿಡಿದು ಬಂದು ನೆಲೆಸಿದವು.

ಹಾಗೆ ಹೊರಟ ಮನೆಗಳಲ್ಲೂ ಮುದುಕರು ಇದ್ದರು, ಮಂಡಿನೋವಿನವರು ಇದ್ದರು, ಬಾಣಂತಿಯರು ಇದ್ದರು. ಯಾರನ್ನು ಕರೆದೊಯ್ಯುವುದು, ಯಾರನ್ನು ಬಿಡುವುದು ಎಂಬ ಪ್ರಶ್ನೆ ಅವರಿಗೆ ಎಷ್ಟು ಕಠಿಣವಾಗಿ ಎದುರಾಗಿರಬೇಕು! ಗದ್ದೆ ಉಳಿಸಿಕೊಳ್ಳಲೆಂದು ಒಬ್ಬ ತಮ್ಮ ಮತ ಬದಲಿಸಿ ಊರಲ್ಲೇ ಉಳಿದ, ಮಿಕ್ಕವರು ಹೊರಟರು ಎಂಬಂಥ ಕತೆಗಳು ಹಲವು ಮನೆತನಗಳಲ್ಲಿ ಇಂದಿಗೂ ಬಾಯಿಂದ ಬಾಯಿಗೆ ನಡೆದಿವೆ. ನಮ್ಮ ಮುಂದೆ ಅಂಥ ಕಷ್ಟ ಯಾವುದೂ ಇಲ್ಲ. ಎ.ಸಿ. ಗಾಡಿ ಇದೆ, ಚತುಷ್ಪಥ ಇದೆ. ಇಷ್ಟೆಲ್ಲ ಇದ್ದೂ, ಒಂದು ದಿನ ಉಳಿಸುವ ಆಸೆಗೆ ಮನೆಯ ಹಿರಿಯ ಜೀವವನ್ನು ಹಿಂದೆ ಬಿಟ್ಟು ಹೋಗುವುದೆಂದರೆ ನನಗೆ ನೋವಾಗುತ್ತದೆ.

ಆಯಾಸ ಆಗುವುದಿಲ್ಲವೇ? ಆಗುತ್ತದೆ. ಆದರೆ ಆಯಾಸ ಯಾವುದರಿಂದ ಎಂದು ಕೇಳಿಕೊಂಡರೆ ಅರ್ಧ ಉತ್ತರ ನಮ್ಮ ಯೋಜನೆಯಲ್ಲೇ ಸಿಗುತ್ತದೆ. ಬೆಳಿಗ್ಗೆ ಐದಕ್ಕೆ ಹೊರಡಿಸಿ, ಮಧ್ಯಾಹ್ನದೊಳಗೆ ಐದು ದೇವಸ್ಥಾನ ಮುಗಿಸಿ, ಸಂಜೆ ಬೀಚು, ರಾತ್ರಿ ವಾಪಸು ಎಂದರೆ ಇಪ್ಪತ್ತರ ಹುಡುಗನೂ ಸೋಲುತ್ತಾನೆ. ಕಾರವಾರದಿಂದ ಮಡಗಾಂವಿಗೆ ಸುಮಾರು 70 ಕಿಲೋಮೀಟರ್, ಅಲ್ಲಿಂದ ಬೋರಿ ಸೇತುವೆ ದಾಟಿದರೆ ಫೋಂಡಾ. ಈ ದಾರಿಗೆ ಇಡೀ ಹಗಲು ಕೊಡಬಹುದು. ಕಾಣಕೋಣದಲ್ಲಿ ಊಟಕ್ಕೆ ನಿಲ್ಲಿ. ಪರ್ತಗಾಳಿ ಮಠದ ಹತ್ತಿರ ಕುಶಾವತಿಯ ದಡದಲ್ಲಿ ಅಜ್ಜಿ ಕಾಲು ಚಾಚಿ ಕೂರಲಿ. ಕರ್ಮಲ ಘಾಟಿಯ ತಿರುವುಗಳು ಬರುವ ಮುಂಚೆ ಅಜ್ಜಿಯನ್ನು ಮುಂದಿನ ಸೀಟಿಗೆ ಕೂರಿಸಿ. ಫೋಂಡಾದ ದೇವಸ್ಥಾನಗಳಿಗೆ ಸೇರಿದ ಅಗ್ರಶಾಳೆಗಳಲ್ಲಿ ಕೆಳಮಾಳಿಗೆಯ ಕೋಣೆಯನ್ನೇ ಮೊದಲು ಕೇಳಿ. ಸೋಮವಾರ ಸಂಜೆ ಮಂಗೇಶಿಯಲ್ಲಿ ಪಾಲಕಿ ಹೊರಡುತ್ತದೆ. ಆ ಏಳು ಅಂತಸ್ತಿನ ದೀಪಸ್ತಂಭದ ಬುಡದಲ್ಲಿ ಕೂತು ಅದನ್ನು ನೋಡುವುದಕ್ಕೆ ಮಂಡಿಯ ಬಲವೇನೂ ಬೇಡ. ಮಳೆಗಾಲದಲ್ಲಿ ಮಾತ್ರ ಹೊರಡಬೇಡಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜಾರಿ ಇದೇ ಹೆದ್ದಾರಿಯ ಮೇಲೆ ಜೀವಗಳು ಹೋದದ್ದನ್ನು ಮರೆಯುವಂತಿಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಅಜ್ಜಿಯ ಮಾತ್ರೆ, ಪಥ್ಯದ ಗಂಜಿ, ಮಗುವಿನ ಬಟ್ಟೆ, ದೇವಿಗೆ ಉಡಿ ತುಂಬುವ ಸೀರೆ, ಕಣ, ಅಕ್ಕಿ, ತೆಂಗಿನಕಾಯಿ, ಇಷ್ಟನ್ನೂ ಸಾಮಾನ್ಯವಾಗಿ ಒಬ್ಬ ಸೊಸೆಯೇ ನೆನಪಿಟ್ಟು ಕಟ್ಟುತ್ತಾಳೆ. ಹಿರಿಯರನ್ನು ಕರೆದೊಯ್ಯುವ ಪುಣ್ಯ ಮನೆಮಂದಿಗೆಲ್ಲ, ದುಡಿಮೆ ಅವಳೊಬ್ಬಳಿಗೆ ಎಂದಾದರೆ, ಮುಂದಿನ ಸಲ ಅಜ್ಜಿ ಮನೆಯಲ್ಲೇ ಇರಲಿ ಎಂದು ಅವಳಿಗೇ ಅನ್ನಿಸಿದರೆ ತಪ್ಪು ಅವಳದ್ದಲ್ಲ. ಮಾತ್ರೆಯ ಡಬ್ಬಿ ಮೊಮ್ಮಗನ ಕೈಗೆ ಬರಲಿ. ರಾತ್ರಿ ಅಜ್ಜಿಯ ಕಾಲಿಗೆ ಎಣ್ಣೆ ಹಚ್ಚುವ ಕೆಲಸ ಮಗನದಾಗಲಿ.

ಅಜ್ಜಿ ಜೊತೆಗಿದ್ದರೆ ದಾರಿಗೆ ಬಾಯಿ ಬರುತ್ತದೆ. ಕಾರವಾರದಲ್ಲಿ ಕಾಳಿ ನದಿಯ ಸೇತುವೆಯನ್ನು ನಾವು ಎರಡು ನಿಮಿಷದಲ್ಲಿ ದಾಟುತ್ತೇವೆ. ಇಲ್ಲಿ ಮೊದಲ ಸೇತುವೆ ಬಂದದ್ದೇ 1980ರ ದಶಕದಲ್ಲಿ. 2024ರ ಆಗಸ್ಟಿನ ಒಂದು ನಡುರಾತ್ರಿ ಅದು ಕುಸಿದು ಬಿತ್ತು, ಈಗ ನಮ್ಮನ್ನು ದಾಟಿಸುವುದು ಪಕ್ಕದ ಹೊಸ ಸೇತುವೆ. ಆ ಹಳೆಯ ಸೇತುವೆಗೂ ಹಿಂದೆ ಇಲ್ಲಿದ್ದದ್ದು ತಾರಿ. ದೋಣಿಗೆ ಕಾಯುತ್ತ ಕೋಡಿಬಾಗದ ದಡದಲ್ಲಿ ಬುತ್ತಿ ಬಿಚ್ಚಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಎಂಬತ್ತು ದಾಟಿದವರಾದರೆ ಮಾಜಾಳಿಯ ಆಚೆ ಬೇರೆಯೇ ರಾಜ್ಯಭಾರವಿದ್ದ ಕಾಲವನ್ನು ಕಂಡವರು. 1955ರ ಆಗಸ್ಟ್ 15ರಂದು ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದ ಮೇಲೆ ಗಡಿ ಮುಚ್ಚಿತು, ಕ್ಯಾಸಲ್‌ರಾಕ್ ದಾಟಿ ಗೋವೆಗೆ ಇಳಿಯುತ್ತಿದ್ದ ರೈಲೂ ನಿಂತಿತು. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾಗುವ ತನಕ, ಕೂಗಳತೆಯಲ್ಲಿದ್ದ ಕುಲದೇವರಿಗೆ ಊರಿನಿಂದಲೇ ಕೈಮುಗಿಯಬೇಕಾಗಿತ್ತು. ಈ ಆರು ವರ್ಷದ ವಿರಹ ಮೊಬೈಲಿನ ನಕಾಶೆಯಲ್ಲಿ ಕಾಣುವುದಿಲ್ಲ. ಪೋಳೆಯ ಚೆಕ್‌ಪೋಸ್ಟ್ ಬಂದಾಗ ಅಜ್ಜಿ ಸುಮ್ಮನೆ ತೋರಿಸುವ ಒಂದು ಬೆರಳಿನಿಂದ ಅದು ಮಕ್ಕಳಿಗೆ ದಾಟಬೇಕು.

ಅಜ್ಜನಿಗೂ ಹೇಳಲು ಸಾಕಷ್ಟಿದೆ. ಗೋವೆಯ ಸರಕಾರಿ ಬಸ್ಸಿನ ಮೈಮೇಲೆ 'ಕದಂಬ' ಎಂಬ ಹೆಸರು ಕಂಡು ಮೊಮ್ಮಗಳು ಕಣ್ಣರಳಿಸಿದರೆ, ನಮ್ಮ ಬನವಾಸಿಯ ಆ ಹೆಸರಿನ ರಾಜವಂಶದ ಒಂದು ಶಾಖೆ ಇಲ್ಲಿ ಚಂದ್ರಪುರ, ಗೋಪಕಪಟ್ಟಣಗಳಿಂದ ಆಳಿದ್ದನ್ನು ಅವನಲ್ಲದೆ ಇನ್ಯಾರು ಅಷ್ಟು ಅಕ್ಕರೆಯಿಂದ ಹೇಳಿಯಾರು? ಕಾಣಕೋಣದಲ್ಲಿ ಗಾಡಿ ಓಡುವ ನೆಲ, ಫೋಂಡಾದ ನೆಲ, ಎರಡೂ ಒಂದು ಕಾಲಕ್ಕೆ ಶಿರಸಿ ಪಕ್ಕದ ಸೋಂದೆಯ ಅರಸರದ್ದು. ಹೈದರಾಲಿ ದಂಡೆತ್ತಿ ಬಂದಾಗ, 1763-64ರ ಸುಮಾರಿಗೆ, ಸೋಂದೆಯ ಅರಸ ಗೋವೆಗೆ ಆಸರೆ ಬೇಡಿ ಹೋದ, ಫೋಂಡಾದ ಬಾಂದಿವಡೆಯಲ್ಲಿ ನೆಲೆನಿಂತ. ದೇವರನ್ನು ಹೊತ್ತು ಗೋವೆಯಿಂದ ಓಡಿದವರಿಗೆ ಕನ್ನಡದ ನೆಲ ಜಾಗ ಕೊಟ್ಟಿತ್ತು. ಇನ್ನೂರು ವರ್ಷಗಳ ಬಳಿಕ ಕನ್ನಡದ ಒಬ್ಬ ಅರಸ ಆ ದೇವರುಗಳ ನೆರೆಯಲ್ಲೇ ಆಸರೆ ಪಡೆದ.

ಮಕ್ಕಳಿಗೆ ಇದೆಲ್ಲ ಬೇಸರ ಎನ್ನುವವರಿದ್ದಾರೆ. ಮಕ್ಕಳಿಗೆ ಅವರ ಪಾಲು ಕೊಟ್ಟರೆ ಬೇಸರವಿಲ್ಲ. ಪಾಳೊಳೆಯ ಕಡಲು ದಾರಿಯ ಪಕ್ಕದಲ್ಲೇ ಇದೆ. ಕಡಲಾಮೆಗಳು ಮೊಟ್ಟೆಯಿಡಲು ಬರುವ ಗಾಲ್ಜಿಬಾಗ್ ಇನ್ನೂ ಹತ್ತಿರ. ಮಕ್ಕಳು ನೀರಿಗಿಳಿಯುವಾಗ ಅಜ್ಜಿ ಗಾಳಿಮರದ ನೆರಳಲ್ಲಿ ಕೂತಿರಲಿ, ಅವಳಿಗೂ ಕಡಲು ಬೇಡವೆಂದೇನಿಲ್ಲ.

ದಾರಿಯಲ್ಲಿ ಸಿಗುವ ಕುಂಕಳ್ಳಿಯಲ್ಲಿ ಗಾಡಿ ನಿಲ್ಲಿಸದೆ ಮುಂದೆ ಹೋಗಬಾರದು. ಈ ಊರಿನ ಶಾಂತಾದುರ್ಗೆಯನ್ನೂ ಹಾಗೆಯೇ ಫಾತರ್ಪೆಗೆ ಒಯ್ದರು. ಆದರೆ ವರ್ಷಕ್ಕೊಮ್ಮೆ, ಶಿಗ್ಮೋ ಹಬ್ಬದಲ್ಲಿ, ದೇವಿ ತನ್ನ ತವರೂರಿಗೆ ಬರುತ್ತಾಳೆ. ಊರಿನ ಹನ್ನೆರಡು ಗಾಂವಕಾರ ಮನೆತನಗಳ ಹೆಸರಿನಲ್ಲಿ ಹನ್ನೆರಡು ಬಣ್ಣದ ಛತ್ರಿಗಳು ಮೇಲೇಳುತ್ತವೆ, ಗುಲಾಲಿನಿಂದ ಹಾದಿಯೇ ಕೆಂಪಾಗುತ್ತದೆ. ಮತ ಬದಲಿಸಿ ಶತಮಾನಗಳಾದ ಗಾಂವಕಾರ ಮನೆಗಳ ಕ್ರೈಸ್ತರೂ ಅದರಲ್ಲಿ ಸೇರುತ್ತಾರೆ. ಬಿಟ್ಟುಹೋದವರು, ಉಳಿದವರು ಎಂಬ ಲೆಕ್ಕವನ್ನು ಆ ಊರು ಒಂದು ದಿನದ ಮಟ್ಟಿಗೆ ಬದಿಗಿಡುತ್ತದೆ. ಛತ್ರಿಯ ಕೋಲಿಗೆ ಕೈ ಹಚ್ಚಿದ ಮುದುಕ, ಅವನ ಹೆಗಲ ಮೇಲೆ ಕೂತು ಗುಲಾಲು ತೂರುವ ಮಗು ಇಬ್ಬರಿಗೂ ಆ ಗುಂಪಿನಲ್ಲಿ ಜಾಗವಿದೆ.

ಎಲ್ಲ ಹೇಳಿಯೂ, ಅಜ್ಜಿಯೇ "ನನ್ನಿಂದಾಗದು ಮಗಾ, ನೀವು ಹೋಗಿಬನ್ನಿ" ಎಂದರೆ ಒತ್ತಾಯ ಬೇಡ. ಆದರೆ ಆ ಮಾತು ಅವಳ ಬಾಯಿಂದ ಬರಬೇಕು. ಬಂದರೆ, ಎಲ್ಲಿ ಏನು ಸೇವೆ, ಯಾರ ಹೆಸರಿನ ಹರಕೆ ಬಾಕಿ, ಯಾವ ಬಣ್ಣದ ಸೀರೆ ಎಂದು ಅವಳಿಂದಲೇ ಬರೆಸಿಕೊಳ್ಳಿ. ಅವಳು ಬರುವುದಾದರೆ, ಹಿಂದಿರುಗುವಾಗ ದೇವರು ಮೊದಲು ಇದ್ದ ಊರಿಗೂ ಗಾಡಿ ತಿರುಗಿಸಿ. ಮಹಾಲಸೆಯ ಒಕ್ಕಲಾದರೆ ವೆರ್ಣೆಗೆ ಹೋಗಿ, ಹಳೆಯ ಜಾಗದಲ್ಲೇ ದೇವಿಗೆ ಮತ್ತೆ ಗುಡಿ ಎದ್ದಿದೆ. ಅಲ್ಲಿಂದ ಮಡಗಾಂವಿಗೆ ಹೆಚ್ಚು ದೂರವಿಲ್ಲ, ಕತ್ತಲಾಗುವ ಮುಂಚೆ ಕಾರವಾರ ಸೇರಬಹುದು.