ಆ ರೈತ ಏನಾದ?

ಅನ್ಯಾಯಕ್ಕೆ ಒಳಗಾದವನೇ ಆ ಅನ್ಯಾಯದ ತೀರ್ಪುಗಾರನೂ ಆಗಬಹುದೇ? ಧರ್ಮಶಾಸ್ತ್ರಗಳೂ ಕಾನೂನು ಗ್ರಂಥಗಳೂ ಮತ್ತೆ ಮತ್ತೆ ಎದುರಿಸಿದ ಪ್ರಶ್ನೆ ಇದು. ಹಾಲಿವುಡ್‌ನ ಒಂದು ಜನಪ್ರಿಯ ಸಿನಿಮಾ ಕೂಡ ಇದನ್ನು ಗಂಭೀರವಾಗಿ ಎತ್ತಿಕೊಂಡಿದೆ ಎಂದರೆ ಕೆಲವರಿಗೆ ಅಚ್ಚರಿಯಾಗಬಹುದು. 2005ರಲ್ಲಿ ತೆರೆಕಂಡ, ಕ್ರಿಸ್ಟೋಫರ್ ನೋಲನ್ ನಿರ್ದೇಶನದ ‘ಬ್ಯಾಟ್‌ಮ್ಯಾನ್ ಬಿಗಿನ್ಸ್’ ಆ ಚಿತ್ರ.

ಬ್ಯಾಟ್‌ಮ್ಯಾನ್ 1939ರಲ್ಲಿ ಅಮೆರಿಕದ ಕಾಮಿಕ್ಸ್ ಪುಟಗಳಲ್ಲಿ ಹುಟ್ಟಿದ ಪಾತ್ರ. ಕಣ್ಣೆದುರೇ ತಂದೆತಾಯಿಯ ಕೊಲೆ ಕಂಡ ಶ್ರೀಮಂತ ಮನೆತನದ ಹುಡುಗ ಬ್ರೂಸ್ ವೇಯ್ನ್, ಬೆಳೆದ ಮೇಲೆ ಬಾವಲಿಯ ವೇಷ ತೊಟ್ಟು ಗಾಥಮ್ ನಗರದ ಪಾತಕಿಗಳ ಬೆನ್ನು ಹತ್ತುತ್ತಾನೆ. 1997ರ ‘ಬ್ಯಾಟ್‌ಮ್ಯಾನ್ ಆ್ಯಂಡ್ ರಾಬಿನ್’ ಹೊತ್ತಿಗೆ ಈ ಕತೆ ಬರೀ ಬಣ್ಣದ ಜಾತ್ರೆಯಾಗಿಬಿಟ್ಟಿತ್ತು. ನೋಲನ್ ಅದನ್ನು ಕತ್ತಲೆಗೂ ವಾಸ್ತವಕ್ಕೂ ಎಳೆದು ತಂದರು. ನಾಯಕನ ಕವಚ ಎಲ್ಲಿಂದ ಬಂತು, ವಾಹನ ಎಲ್ಲಿಂದ ಬಂತು ಎಂಬುದಕ್ಕೂ ಲೆಕ್ಕ ಕೊಟ್ಟರು. ಆದರೆ ನಮ್ಮನ್ನು ಹೆಚ್ಚು ಕಾಡಬೇಕಾದದ್ದು ಕವಚ ತೊಡುವುದಕ್ಕೆ ಮೊದಲು ಆ ಯುವಕನ ಮನಸ್ಸಿನಲ್ಲಿ ನಡೆಯುವ ಹೋರಾಟ.

ಹೆತ್ತವರನ್ನು ಕೊಂದ ಜೋ ಚಿಲ್ ಎಂಬಾತ, ಪಾತಕಲೋಕದ ದೊರೆ ಫಾಲ್ಕೋನಿಯ ವಿರುದ್ಧ ಸಾಕ್ಷಿ ಹೇಳಲು ಒಪ್ಪಿ ಅವಧಿಗೆ ಮುನ್ನವೇ ಬಿಡುಗಡೆಗೆ ಅರ್ಹನಾಗುತ್ತಾನೆ. ಬ್ರೂಸ್ ತೋಳಿನಲ್ಲಿ ಪಿಸ್ತೂಲು ಅಡಗಿಸಿಕೊಂಡು ನ್ಯಾಯಾಲಯಕ್ಕೆ ಹೋಗುತ್ತಾನೆ. ಅವನು ಗುರಿಯಿಡುವ ಮೊದಲೇ ಫಾಲ್ಕೋನಿಯ ಕಡೆಯವಳೊಬ್ಬಳು ಚಿಲ್‌ನನ್ನು ಕೊಲ್ಲುತ್ತಾಳೆ. ಬಾಲ್ಯದ ಗೆಳತಿ, ಸರಕಾರಿ ವಕೀಲೆ ರೇಚಲ್‌ಗೆ ಬ್ರೂಸ್ ತನ್ನ ಪಿಸ್ತೂಲನ್ನು ತೋರಿಸಿದಾಗ ಆಕೆ ಅವನ ಕೆನ್ನೆಗೆ ಬಾರಿಸುತ್ತಾಳೆ. ಅನ್ಯಾಯಕ್ಕೆ ಹೊರಟ ಸೋದರನಿಗೂ ನೆರವಾಗಬೇಕು, ಅವನನ್ನು ತಡೆಯುವುದೇ ಆ ನೆರವು ಎಂಬ ಪ್ರವಾದಿ ಬೋಧನೆಯನ್ನು ಬಲ್ಲವರಿಗೆ ಆ ಏಟಿನ ಅರ್ಥ ಸುಲಭವಾಗಿ ಹೊಳೆಯುತ್ತದೆ.

ರೇಚಲ್ ಅವನನ್ನು ನಗರದ ಬಡ ಬೀದಿಗಳಿಗೆ ಕರೆದೊಯ್ದು, ಚಿಲ್‌ನಂಥವರು ತಯಾರಾಗುವ ಜಾಗ ಇದು ಎಂದು ತೋರಿಸುತ್ತಾಳೆ. ಮುಂದೆ ದೇಶಾಂತರ ಅಲೆಯುವಾಗ ಬ್ರೂಸ್ ತಾನೂ ಹಸಿವಿಗಾಗಿ ಕದಿಯುತ್ತಾನೆ. ಕಳ್ಳನೆಂಬ ಜಾತಿಯೇ ಬೇರೆ ಎಂಬ ಸಿರಿವಂತನ ಭ್ರಮೆ ಅಲ್ಲಿ ಕಳಚಿ ಬೀಳುತ್ತದೆ. ಅಪರಾಧಕ್ಕೆ ಕಾರಣಗಳಿವೆ ಎಂದು ತಿಳಿದ ಮಾತ್ರಕ್ಕೆ ಅಪರಾಧ ಕ್ಷಮ್ಯವಾಗುವುದಿಲ್ಲ, ನಿಜ. ಆದರೆ ಶಿಕ್ಷಿಸುವವನ ಅಹಂಕಾರ ಸ್ವಲ್ಪವಾದರೂ ಕರಗುತ್ತದೆ.

ಪರೀಕ್ಷೆ ಬರುವುದು ಹಿಮಾಲಯದ ಮಠವೊಂದರಲ್ಲಿ. ಅಲ್ಲಿ ಡೂಕಾರ್ಡ್ ಎಂಬಾತ ಬ್ರೂಸ್‌ಗೆ ಯುದ್ಧವಿದ್ಯೆ ಕಲಿಸುತ್ತಾನೆ. ಕೊನೆಗೆ ಅವನ ಕೈಗೆ ಕತ್ತಿ ಕೊಟ್ಟು, ನೆರೆಯವನ ಜಮೀನಿಗೆ ಆಸೆಪಟ್ಟು ಕೊಲೆಗಾರನಾದ ಒಬ್ಬ ರೈತನ ತಲೆ ಕಡಿಯಲು ಹೇಳುತ್ತಾರೆ. ಇವನ ವಿಚಾರಣೆಯಾಗಬೇಕು, ನಾನು ಗಲ್ಲಿಗೇರಿಸುವವನಲ್ಲ ಎಂದು ಬ್ರೂಸ್ ನಿರಾಕರಿಸುತ್ತಾನೆ. ನಗರಗಳನ್ನೇ ನಾಶಮಾಡಿ ‘ನ್ಯಾಯ’ ಸ್ಥಾಪಿಸುವ ಈ ಪಂಗಡದ ನಾಯಕನಿಗೆ ರಾಸ್ ಅಲ್ ಗೂಲ್ ಎಂಬ ಅರಬಿ ಹೆಸರು. ಪಿಶಾಚಿಯ ತಲೆ ಎಂದು ಅದರ ಅರ್ಥ. ಖಳನಿಗೆ ಅರಬಿ ಹೆಸರೇ ಏಕೆ ಬೇಕಿತ್ತು ಎಂದು ನಾವು ಕೇಳಬಹುದು. ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆಯಿದೆ.

ಬ್ರೂಸ್ ಮಠಕ್ಕೆ ಬೆಂಕಿ ಹಚ್ಚುತ್ತಾನೆ, ಮದ್ದುಗುಂಡು ಸಿಡಿಯುತ್ತದೆ, ಹಲವರು ಸಾಯುತ್ತಾರೆ. ಬ್ರೂಸ್ ಹೊತ್ತು ತಂದು ಉಳಿಸುವುದು ತನ್ನ ಗುರು ಡೂಕಾರ್ಡ್‌ನನ್ನು. ಹಾಗಾದರೆ ಆ ರೈತ ಏನಾದ? ಚಿತ್ರ ಹೇಳುವುದಿಲ್ಲ. ಯಾರ ಜೀವಕ್ಕಾಗಿ ನಾಯಕ ಇಷ್ಟೆಲ್ಲ ಮಾಡಿದನೋ ಆ ಮನುಷ್ಯನಿಗೆ ಒಂದು ಹೆಸರೂ ಇಲ್ಲ, ಒಂದು ಅಂತ್ಯವೂ ಇಲ್ಲ. ನಾಯಕನ ತತ್ವ ಉಳಿಯಿತು, ರೈತನ ಸುದ್ದಿಯಿಲ್ಲ. ಮನುಷ್ಯನನ್ನು ಮರೆತ ತತ್ವಕ್ಕೆ ಎಷ್ಟು ಬೆಲೆ?

ಇದೇ ಬಿರುಕು ಕೊನೆಯಲ್ಲಿ ಇನ್ನಷ್ಟು ಅಗಲವಾಗುತ್ತದೆ. ಡೂಕಾರ್ಡನೇ ನಿಜವಾದ ರಾಸ್ ಅಲ್ ಗೂಲ್ ಎಂದು ಗೊತ್ತಾಗುತ್ತದೆ. ಓಡುವ ರೈಲಿನಲ್ಲಿ ಅವನನ್ನು ಮಣಿಸಿದ ಬ್ಯಾಟ್‌ಮ್ಯಾನ್, ನಿನ್ನನ್ನು ಕೊಲ್ಲುವುದಿಲ್ಲ, ಹಾಗೆಂದು ಉಳಿಸಲೇಬೇಕೆಂದೂ ಇಲ್ಲ ಎಂಬರ್ಥದ ಮಾತು ಹೇಳಿ ಹಾರಿಹೋಗುತ್ತಾನೆ. ಚಿತ್ರಮಂದಿರಗಳಲ್ಲಿ ಚಪ್ಪಾಳೆ ಬಿದ್ದ ಮಾತಿದು. ಆದರೆ ಹಳಿಯ ಕಂಬಗಳನ್ನು ಉರುಳಿಸಲು ಪೊಲೀಸ್ ಅಧಿಕಾರಿ ಗಾರ್ಡನ್‌ರನ್ನು ಕಳುಹಿಸಿದವನೇ ಅವನು. ನಗರವನ್ನು ಉಳಿಸಲು ರೈಲನ್ನು ಬೀಳಿಸುವುದು ಅನಿವಾರ್ಯವಾಗಿತ್ತು ಎಂದು ಒಪ್ಪೋಣ. ಸೋತು ಬಿದ್ದವನನ್ನು ಒಳಗೇ ಬಿಟ್ಟು ಬರುವುದೂ ಅನಿವಾರ್ಯವಾಗಿತ್ತೇ? ಅಂದು ಕತ್ತಿ ಎತ್ತಲೊಪ್ಪದ ಕೈ ಇಂದು ಅದೇ ಕೆಲಸವನ್ನು ಗುರುತ್ವಾಕರ್ಷಣೆಗೆ ಒಪ್ಪಿಸಿತು, ಅಷ್ಟೇ.

ಸೇಡಿನ ಭಾವನೆ ಮನುಷ್ಯ ಸಹಜವೆಂಬುದನ್ನು ಇಸ್ಲಾಮ್ ನಿರಾಕರಿಸುವುದಿಲ್ಲ. ಕೊಲೆಯಾದವನ ವಾರಸುದಾರರಿಗೆ ಕಿಸಾಸ್‌ನ, ಅಂದರೆ ಪ್ರತೀಕಾರದ ಹಕ್ಕನ್ನು ಕುರ್‌ಆನ್ ಒಪ್ಪುತ್ತದೆ; ಮಿತಿ ಮೀರಬೇಡಿರೆಂದು ಎಚ್ಚರಿಸುತ್ತದೆ; ಕ್ಷಮೆಗೆ ಹುರಿದುಂಬಿಸುತ್ತದೆ. ಆದರೆ ಅಪರಾಧ ಸಾಬೀತಾಗಬೇಕು, ಶಿಕ್ಷೆ ನ್ಯಾಯಾಧೀಶನ ಮತ್ತು ಆಡಳಿತದ ಮೂಲಕವೇ ಜಾರಿಯಾಗಬೇಕು ಎಂಬುದು ಫಿಕ್ಹ್ ವಿದ್ವಾಂಸರ ಸಾಮಾನ್ಯ ನಿಲುವು. ನೊಂದವನ ಕಣ್ಣೀರಿಗೆ ಅಲ್ಲಿ ಜಾಗವಿದೆ, ಅವನ ಕೋಪಕ್ಕೆ ಕತ್ತಿ ಕೊಡುವುದಕ್ಕೆ ಜಾಗವಿಲ್ಲ.

ಇದೆಲ್ಲ ಬರೀ ಸಿನಿಮಾ ಮಾತಲ್ಲ. 2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿ, ಪಶುವೈದ್ಯೆಯೊಬ್ಬರ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಜನ ಪೊಲೀಸರ ಮೇಲೆ ಹೂಮಳೆ ಸುರಿದರು. ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗವು 2022ರಲ್ಲಿ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು, ಸತ್ತವರಲ್ಲಿ ಮೂವರು ಅಪ್ರಾಪ್ತ ವಯಸ್ಕರು ಎಂದು ವರದಿ ಕೊಟ್ಟಿತು. ಅವರು ಅಪರಾಧಿಗಳಾಗಿದ್ದರೇ ಎಂಬುದನ್ನು ಇನ್ನು ಯಾವ ನ್ಯಾಯಾಲಯವೂ ಅವರನ್ನು ವಿಚಾರಿಸಿ ಹೇಳಲಾರದು. ಆ ತಾಯಿತಂದೆಯರ ಸಂಕಟ ದೊಡ್ಡದು. ಆದರೆ ಸತ್ಯ ತಿಳಿಯುವ ಅವರ ಹಕ್ಕೂ ಆ ಗುಂಡಿಗೆ ಬಲಿಯಾಯಿತಲ್ಲವೇ?

ನ್ಯಾಯಾಲಯಗಳು ನಿಧಾನ, ಪೊಲೀಸರು ಭ್ರಷ್ಟರು, ಹಾಗಿರುವಾಗ ಜನ ಇನ್ನೇನು ಮಾಡಬೇಕು ಎಂದು ಕೇಳುವವರಿದ್ದಾರೆ. ಡೂಕಾರ್ಡ್‌ನ ವಾದವೂ ಇದೇ ಆಗಿತ್ತು. ಚಿತ್ರದೊಳಗೇ ಅದಕ್ಕೆ ಇನ್ನೊಂದು ಉತ್ತರವಿದೆ. ಲಂಚಕೋರರ ನಡುವೆ ಲಂಚ ಮುಟ್ಟದೆ ದುಡಿಯುವ ಗಾರ್ಡನ್, ಬೆದರಿಕೆಗೆ ಜಗ್ಗದೆ ನ್ಯಾಯಾಲಯದ ದಾರಿ ಬಿಡದ ರೇಚಲ್. ಇವರಿಗೆ ಮುಖವಾಡವಿಲ್ಲ. ತಪ್ಪಿದರೆ ಇವರನ್ನು ಹೆಸರು ಹಿಡಿದು ಪ್ರಶ್ನಿಸಬಹುದು. ಮುಖವಾಡದ ಹಿಂದಿರುವವನನ್ನು ಯಾರು ಪ್ರಶ್ನಿಸಬೇಕು?

ಅಂಥವರು ಹೆಚ್ಚಾದರೆ ಗಾಥಮ್‌ಗೆ ಬಾವಲಿ ಬೇಕಾಗುವುದಿಲ್ಲ. ಅಲ್ಲಿಯವರೆಗೆ ಯಾರೇ ನ್ಯಾಯದ ಹೆಸರಿನಲ್ಲಿ ಕೈ ಎತ್ತಿದರೂ, ಚಪ್ಪಾಳೆ ತಟ್ಟುವ ಮುನ್ನ ನಾವು ಒಂದು ಪ್ರಶ್ನೆ ಕೇಳುವುದನ್ನು ರೂಢಿಸಿಕೊಳ್ಳಬೇಕು: ಕಟ್ಟಿಹಾಕಿದ್ದ ಆ ಮನುಷ್ಯ ಏನಾದ?