ಹೆಸರು ಬದಲಾದ ಮೇಲೂ ಅದೇ ಫೈಲೇ?

‘ಬಿಲ್’ ಎಂಬ ಹೆಸರಿನ ಫೈಲನ್ನು ಪ್ರೋಗ್ರಾಮರ್ ಒಬ್ಬರು ‘ಇನ್‌ವಾಯ್ಸ್’ ಎಂದು ಬದಲಿಸುತ್ತಾರೆ. ಒಳಗಿನ ಕೋಡ್‌ನಲ್ಲಿ ಒಂದಕ್ಷರವೂ ಕದಲಿಲ್ಲ. ಈಗಿರುವುದು ಹಳೆಯ ಫೈಲೇ, ಅಥವಾ ಅದು ಅಳಿದು ಹೊಸತೊಂದು ಹುಟ್ಟಿತೇ? ತತ್ತ್ವಶಾಸ್ತ್ರದಲ್ಲಿ ಇದು ತಾದಾತ್ಮ್ಯದ ಪ್ರಶ್ನೆ: ಕಾಲ ಸರಿದು, ಗುಣಗಳು ಬದಲಾದ ಮೇಲೂ ವಸ್ತುವೊಂದನ್ನು ‘ಅದೇ ಇದು’ ಎನ್ನಲು ಆಧಾರವೇನು? ಸಾಫ್ಟ್‌ವೇರ್ ಲೋಕ ಇದಕ್ಕೆ ಒಂದಲ್ಲ, ಮೂರು ಉತ್ತರ ಕೊಟ್ಟಿದೆ.

ಮೊದಲನೆಯದು, ಹೆಸರೇ ಆಧಾರ. ಕೋಡ್‌ನ ಬದಲಾವಣೆಗಳನ್ನು ದಾಖಲಿಸಲು ಬಹುಕಾಲ ಬಳಕೆಯಲ್ಲಿದ್ದ ಸಿವಿಎಸ್‌ನಲ್ಲಿ ಹೆಸರು ಬದಲಿಸುವ ಆಜ್ಞೆಯೇ ಇರಲಿಲ್ಲ. ಹಳೆಯ ಹೆಸರನ್ನು ತೆಗೆದು ಹೊಸದನ್ನು ಸೇರಿಸಬೇಕಿತ್ತು. ಫೈಲಿನ ಇತಿಹಾಸ ಹಳೆಯ ಹೆಸರಿನಡಿಯೇ ಉಳಿದುಬಿಡುತ್ತಿತ್ತು.

ಎರಡನೆಯದು, ಹೆಸರಿನ ಹಿಂದಿರುವ ದ್ರವ್ಯ. ಯುನಿಕ್ಸ್‌ನಲ್ಲಿ ಹೆಸರು ಇರುವುದು ಡೈರೆಕ್ಟರಿಯಲ್ಲಿ. ಫೈಲಿಗೆ ಐನೋಡ್ ಎಂಬ ಬೇರೆಯೇ ದಾಖಲೆ, ಅದಕ್ಕೊಂದು ಸಂಖ್ಯೆ ಇದೆ. ಒಂದೇ ಫೈಲ್ ಸಿಸ್ಟಮ್‌ನ ಒಳಗೆ ಹೆಸರು ಬದಲಿಸಿದರೆ ಐನೋಡ್ ಹಾಗೆಯೇ ಇರುತ್ತದೆ. ಆದರೆ ಕೆಲವು ಎಡಿಟರ್‌ಗಳು ಸೇವ್ ಮಾಡುವಾಗ ಹೊಸ ಫೈಲನ್ನು ಬರೆದು ಹಳೆಯದರ ಜಾಗದಲ್ಲಿ ಕೂರಿಸುತ್ತವೆ. ಹೆಸರು ಅದೇ, ಐನೋಡ್ ಮಾತ್ರ ಬೇರೆ. ಬಳಸುವವರಿಗೆ ಒಂದೇ ಆಗಿರುವ ಫೈಲು ಯಂತ್ರದ ಲೆಕ್ಕದಲ್ಲಿ ಎರಡಾಗುತ್ತದೆ.

ಮೂರನೆಯ ಉತ್ತರ, ಸಿವಿಎಸ್‌ನಂತೆಯೇ ಬದಲಾವಣೆಗಳನ್ನು ದಾಖಲಿಸಲು 2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ರಚಿಸಿದ ಗಿಟ್‌ನದು. ಪ್ರತಿ ಕಮಿಟ್‌ನಲ್ಲೂ, ಅಂದರೆ ದಾಖಲಾಗುವ ಪ್ರತಿ ಹೆಜ್ಜೆಯಲ್ಲೂ, ಅದು ಇಡೀ ಯೋಜನೆಯ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುತ್ತದೆ. ‘ಈ ಫೈಲಿನ ಹೆಸರು ಬದಲಾಯಿತು’ ಎಂದು ಎಲ್ಲೂ ಬರೆದುಕೊಳ್ಳುವುದಿಲ್ಲ. ನಾವು ಕೇಳಿದಾಗ, ಕಾಣೆಯಾದ ಫೈಲನ್ನೂ ಹೊಸದಾಗಿ ಬಂದದ್ದನ್ನೂ ಹೋಲಿಸಿ ನೋಡುತ್ತದೆ. ಹೋಲಿಕೆ ಶೇ. 50ರಷ್ಟಾದರೂ ಇದ್ದರೆ, ನಾವು ಬೇರೆ ಮಿತಿ ಹೇಳದಿದ್ದಲ್ಲಿ, ಅದನ್ನು ಹೆಸರು ಬದಲಾವಣೆ ಎಂದು ಊಹಿಸುತ್ತದೆ. ಅದೇ ವರ್ಷ ಬಂದ, ಇಂಥದೇ ಇನ್ನೊಂದು ಸಾಧನವಾದ ಮರ್ಕ್ಯುರಿಯಲ್ ಹೆಸರು ಬದಲಾವಣೆಯನ್ನು ದಾಖಲಿಸುವ ದಾರಿ ಹಿಡಿಯಿತು.

ಈ ಭಿನ್ನಾಭಿಪ್ರಾಯದ ಬೇರು ಭಾರತೀಯ ದರ್ಶನಗಳಲ್ಲಿ ಬಹಳ ಹಳೆಯದು. ‘ಅಂದು ಕಂಡ ದೇವದತ್ತನೇ ಇವನು’ ಎಂಬ ಗುರುತಿಸುವಿಕೆಗೆ, ಅಂದರೆ ಪ್ರತ್ಯಭಿಜ್ಞೆಗೆ, ನೈಯಾಯಿಕರು ಪ್ರಮಾಣದ ಬೆಲೆ ಕೊಟ್ಟರು: ವಸ್ತು ಸ್ಥಿರವಾಗಿದ್ದರಿಂದಲೇ ಗುರುತು ಸಿಗುತ್ತದೆ. ಕ್ಷಣಿಕವಾದಿ ಬೌದ್ಧರು ಒಪ್ಪಲಿಲ್ಲ. ದೀಪದ ಜ್ವಾಲೆ ಕ್ಷಣಕ್ಷಣಕ್ಕೂ ಬೇರೆಯದೇ. ಸಾದೃಶ್ಯದಿಂದಾಗಿ ಒಂದೇ ಎಂದು ತೋರುತ್ತದೆ, ಅಷ್ಟೆ. ನೈಯಾಯಿಕ ಉದಯನನ ‘ಆತ್ಮತತ್ತ್ವವಿವೇಕ’ ಈ ವಾದವನ್ನೇ ಎದುರಿಸಿ ಬರೆದ ಗ್ರಂಥ.

ಗಿಟ್‌ನ ರಚನೆ ಬೌದ್ಧರ ನಿಲುವಿಗೆ ಹತ್ತಿರ: ಬಿಡಿ ಕ್ಷಣಗಳು, ಅವುಗಳ ನಡುವೆ ಸಾದೃಶ್ಯ. ಆದರೆ ಬೌದ್ಧರು ಕ್ಷಣಗಳನ್ನು ದಿಕ್ಕೆಟ್ಟು ಚದುರಲು ಬಿಡಲಿಲ್ಲ. ಹಿಂದಿನ ಕ್ಷಣ ಮುಂದಿನದಕ್ಕೆ ಕಾರಣವಾಗುವ ಹರಿವನ್ನು ಸಂತಾನ ಎಂದರು. ಗಿಟ್‌ನಲ್ಲಿಯೂ ಮೊದಲನೆಯದರ ನಂತರದ ಪ್ರತಿ ಕಮಿಟ್ ತನ್ನ ಹಿಂದಿನದನ್ನು ಹೆಸರಿಸುತ್ತದೆ. ಸ್ಥಿರವಾದ ‘ಅದೇ ಫೈಲು’ ಇಲ್ಲದಿದ್ದರೂ ಪರಂಪರೆ ಇದೆ.

ಹೀಗೆ ನೋಡಿದರೆ ತಾದಾತ್ಮ್ಯ ವಸ್ತುವಿನೊಳಗೆ ಸಿದ್ಧವಾಗಿ ಕುಳಿತಿರುವ ಗುಣವಲ್ಲ. ಬದಲಾವಣೆ ಮಾಡುವವರು ಅದನ್ನು ಗುರುತಿಸುವಂತೆ ಉಳಿಸಬೇಕು. ಒಂದೇ ಕಮಿಟ್‌ನಲ್ಲಿ ಹೆಸರನ್ನೂ ಬದಲಿಸಿ, ಕೋಡನ್ನೂ ಅರ್ಧಕ್ಕಿಂತ ಹೆಚ್ಚು ತಿದ್ದಿದರೆ ಸಾದೃಶ್ಯ ಕುಸಿಯುತ್ತದೆ. ಗಿಟ್‌ಗೆ ಕಾಣುವುದು ಒಂದು ಅಳಿವು, ಒಂದು ಹುಟ್ಟು. ಹೆಸರು ಬದಲಾವಣೆ ಒಂದು ಕಮಿಟ್‌ನಲ್ಲಿ, ತಿದ್ದುಪಡಿ ಮತ್ತೊಂದರಲ್ಲಿ ಎಂಬ ಪದ್ಧತಿ ಬೆಳೆದದ್ದು ಅದಕ್ಕಾಗಿಯೇ. ಒಳಗಿನದು ಹಾಗೆಯೇ ಇದ್ದಾಗ ಹಳೆಯ ಮತ್ತು ಹೊಸ ಹೆಸರಿನ ಎರಡರ ಹ್ಯಾಶ್, ಅಂದರೆ ಒಳಗಿನದರಿಂದ ಲೆಕ್ಕಹಾಕಿದ ಗುರುತು, ಒಂದೇ ಆಗಿರುತ್ತದೆ. ಹೋಲಿಕೆಯ ಪ್ರಮಾಣವನ್ನು ಅಳೆಯುವ ಅಗತ್ಯವೇ ಬೀಳುವುದಿಲ್ಲ.

ವರ್ಷಗಳ ನಂತರ ದೋಷ ಹುಡುಕುವವರು ‘ಈ ಸಾಲನ್ನು ಯಾರು, ಏಕೆ ಬರೆದರು?’ ಎಂದು ಕೇಳುತ್ತಾರೆ. ವಸ್ತು ನಿತ್ಯವೋ ಕ್ಷಣಿಕವೋ ಎಂಬ ವಾದ ಮುಗಿಯದಿದ್ದರೂ ಅವರಿಗೆ ಉತ್ತರ ಸಿಗಬೇಕು. ಆ ಉತ್ತರದ ದಾರಿಯನ್ನು ಕಾಯುವುದು ಹೆಸರು ಬದಲಿಸುವವರ ಹೊಣೆ.